ಮನಶ್ಶಾಂತಿಯ ಪ್ರವಚನಕ್ಕೆ ಹೋಗುವ ಮುನ್ನ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

"ಅಂತರಂಗದ ಶಾಂತಿ ಮತ್ತು ಆನಂದ" ಅಂತ ಸರ್ಕಲ್‌ನಲ್ಲಿ ಒಂದು ಬ್ಯಾನರ್ ಬಿದ್ದರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ಫೋನ್ ಮಾಡುತ್ತಾರೆ, ಕೆಲವರು ಪೆಂಡಾಲ್ ಕಟ್ಟುವಾಗಲೇ ಬಂದು ವಿಚಾರಿಸುತ್ತಾರೆ, ಇನ್ನು ಕೆಲವರು ಕಾರ್ಯಕ್ರಮ ಮುಗಿದ ಮೇಲೆ ಕಾಗದ ಬರೆಯುತ್ತಾರೆ. ಇಂಥ ಸಭೆಗಳಲ್ಲಿ ಕುರ್ಚಿ ಹಾಕುವುದು, ಚಪ್ಪಲಿ ಕಾಯುವುದು, ಮೈಕ್ ಹಿಡಿಯುವುದು ಮಾಡಿಕೊಂಡು ಬಂದವನಿಗೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರ ನನ್ನದು, ಯಾವ ಮಠದ, ಸಂಸ್ಥೆಯ ಪರವಾಗಿಯೂ ಅಲ್ಲ.

## ಮೊದಲ ಸಲ ಬರುವವರಿಗೆ

"ಪ್ರವಚನ ಅಂದ್ರೆ ಪೂಜೆನಾ, ಭಾಷಣಾನಾ? ಅಲ್ಲಿ ಏನೇನು ನಡೆಯುತ್ತೆ?"

ಎರಡರದ್ದೂ ಸ್ವಲ್ಪ ಸ್ವಲ್ಪ. ನಮ್ಮ ಕಡೆ ಸಾಮಾನ್ಯವಾಗಿ ವಚನ ಗಾಯನದಿಂದ ಶುರು. ದೀಪ ಹಚ್ಚುತ್ತಾರೆ, ಇಲ್ಲವೇ ಗಿಡಕ್ಕೆ ನೀರು ಹಾಕುತ್ತಾರೆ. ಸ್ವಾಗತ, ಪ್ರಾಸ್ತಾವಿಕ, ಗಣ್ಯರ ಎರಡು ಮಾತು, ಸನ್ಮಾನ ಆಗಿ, ಕೊನೆಗೂ ನೀವು ಯಾರಿಗಾಗಿ ಬಂದಿರೋ ಅವರ ಮಾತು. ಅದು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಆಮೇಲೆ ಸ್ವಲ್ಪ ಹೊತ್ತು ಮೌನ ಅಥವಾ ಧ್ಯಾನ, ಮಂಗಳ, ಪ್ರಸಾದ.

ಮಾತಾಡುವವರು ಯಾವ ಪರಂಪರೆಯವರು ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ವಿರಕ್ತ ಮಠದವರಾದರೆ ವಚನ ಹಿಡಿದು ಮಾತು. ರಾಮಕೃಷ್ಣ ಆಶ್ರಮದವರಾದರೆ ಉಪನಿಷತ್ತು, ವಿವೇಕಾನಂದರು. ಬ್ರಹ್ಮಕುಮಾರಿಯರಲ್ಲಿ ಕಣ್ಣು ತೆರೆದೇ ಮಾಡುವ ರಾಜಯೋಗ. ಆರ್ಟ್ ಆಫ್ ಲಿವಿಂಗ್ ಕಡೆಯವರಾದರೆ ಉಸಿರು ಮತ್ತು ಭಜನೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಬೆಳಗಿನ ಹೊತ್ತು ತಿಂಗಳುಗಟ್ಟಲೆ ಮಾಡುತ್ತಿದ್ದ ಪ್ರವಚನ ಕೇಳಿದವರಿಗೆ ಇನ್ನೊಂದು ಮಾದರಿಯೂ ಗೊತ್ತು: ಅಬ್ಬರವಿಲ್ಲದೆ ಬಂದು ಕೂತು, ಮೆಲುದನಿಯಲ್ಲಿ ಹೇಳಬೇಕಾದ್ದು ಹೇಳಿ, ಹೊತ್ತಿಗೆ ಸರಿಯಾಗಿ ಎದ್ದು ಹೋಗುವುದು. 2018ರಲ್ಲಿ ಪದ್ಮಶ್ರೀ ಬಂದಾಗಲೂ ವಿನಯದಿಂದ ಬೇಡ ಅಂದವರು. 2023ರ ಜನವರಿ 2ರಂದು ದೇಹ ಬಿಟ್ಟರು. ಇಂಥ ಸಭೆ ಹೇಗಿರಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಅದೇ ಅಳತೆಗೋಲು.

"ಟಿಕೆಟ್ ಇದೆಯಾ? ಪಾಸ್ ಯಾರ ಹತ್ರ ಸಿಗುತ್ತೆ?"

ಸಾರ್ವಜನಿಕ ಪ್ರವಚನಕ್ಕೆ ಟಿಕೆಟ್ ಇರುವುದಿಲ್ಲ. ಮುಂದಿನ ಸಾಲುಗಳಿಗೆ ಪಾಸ್ ಇರುತ್ತದೆ, ಅದು ದಾನಿಗಳಿಗೆ, ಊರಿನ ಮುಖಂಡರಿಗೆ. ಅದಕ್ಕಾಗಿ ಯಾರ ಹಿಂದೆಯೂ ಓಡಾಡಬೇಡಿ. ಮುಂದಿನ ಸಾಲಿನಲ್ಲಿ ಕೂತವರ ಕಣ್ಣಿಗೆ ಫೋಕಸ್ ಲೈಟು, ಕಿವಿಗೆ ಸ್ಪೀಕರ್, ಕಾಲಿಗೆ ಫೋಟೊಗ್ರಾಫರು. ಕೇಳುವುದಕ್ಕೆ ಒಳ್ಳೆಯ ಜಾಗ ನಡುವಿನ ಸಾಲುಗಳು, ಹೋಗಿಬರುವ ದಾರಿಯ ಪಕ್ಕದ ಕುರ್ಚಿ.

"ಆರು ಗಂಟೆ ಅಂತ ಹಾಕಿದ್ದಾರೆ. ನಿಜಕ್ಕೂ ಎಷ್ಟೊತ್ತಿಗೆ ಹೋಗ್ಬೇಕು?"

ಮಠದ ಆವರಣದಲ್ಲಿ, ಸ್ವಾಮಿಗಳೇ ಯಜಮಾನಿಕೆ ವಹಿಸಿದ ಕಾರ್ಯಕ್ರಮವಾದರೆ ಆರು ಅಂದರೆ ಆರೇ. ಸಿರಿಗೆರೆ, ಸಾಣೇಹಳ್ಳಿ ಕಡೆ ಹೋದವರಿಗೆ ಈ ಶಿಸ್ತು ಗೊತ್ತಿರುತ್ತದೆ. ಊರಿನ ಸಮಿತಿಯೊಂದು ಹೈಸ್ಕೂಲ್ ಮೈದಾನದಲ್ಲಿ ಇಟ್ಟುಕೊಂಡ ಕಾರ್ಯಕ್ರಮ, ಅದರಲ್ಲೂ ಜನಪ್ರತಿನಿಧಿಗಳು ಉದ್ಘಾಟಕರು ಅಂತಾದರೆ ಏಳರವರೆಗೂ "ಹಲೋ, ಮೈಕ್ ಟೆಸ್ಟಿಂಗ್" ಕೇಳಿಸುತ್ತಿರುತ್ತದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಎಷ್ಟಿವೆ ನೋಡಿ. ಹೆಸರು ಹೆಚ್ಚಾದಷ್ಟೂ ಮುಖ್ಯ ಮಾತು ಹಿಂದಕ್ಕೆ ಹೋಗುತ್ತದೆ.

ಆದರೂ ಬೇಗ ಬನ್ನಿ ಅಂತಲೇ ಹೇಳುತ್ತೇನೆ. ಕೆಲಸದಿಂದ ನೇರ ಓಡಿಬಂದು ಕೂತವರ ತಲೆ ಅರ್ಧ ಗಂಟೆ ಅಂಗಡಿಯಲ್ಲೇ ಇರುತ್ತದೆ. ಶುರುವಿನ ವಚನ ಗಾಯನ ಇರುವುದೇ ಆ ಗದ್ದಲ ಇಳಿಯಲಿ ಅಂತ. ಅದನ್ನು ತಪ್ಪಿಸಿಕೊಂಡು ಭಾಷಣಕ್ಕೆ ಮಾತ್ರ ಬರುವವರು ಒಳ್ಳೆಯ ಭಾಗವನ್ನೇ ಬಿಟ್ಟಂತೆ.

"ನಮ್ಮ ಜಾತಿ ಬೇರೆ, ಧರ್ಮಾನೂ ಬೇರೆ. ಬಂದ್ರೆ ಯಾರಾದ್ರೂ ಏನಾದ್ರೂ ಅಂತಾರಾ?"

ಬನ್ನಿ. ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಹಣೆಗೆ ವಿಭೂತಿ, ಕುಂಕುಮ ಹಚ್ಚಲು ಬಂದರೆ, ಬೇಡವಾದರೆ ಕೈ ಮುಗಿದು ಬೇಡ ಅನ್ನಬಹುದು; ಅದನ್ನು ಅವಮಾನ ಅಂತ ಯಾರೂ ತಿಳಿಯುವುದಿಲ್ಲ. ಎಲ್ಲರೂ ಎದ್ದು ನಿಂತಾಗ ನಿಲ್ಲುವುದು ಸಭೆಗೆ ಕೊಡುವ ಮರ್ಯಾದೆ. ಮಂತ್ರ ಹೇಳಲೇಬೇಕು ಅಂತಿಲ್ಲ. ಒಂದು ಮಾತು ಮಾತ್ರ ಮುಚ್ಚಿಡುವುದಿಲ್ಲ: ಕೆಲವು ಸಭೆಗಳಲ್ಲಿ ಶಾಂತಿಯ ಹೆಸರಲ್ಲಿ ಶುರುವಾದ ಮಾತು ಇನ್ನೊಬ್ಬರ ಧರ್ಮದ ಕಡೆ ತಿರುಗುವುದುಂಟು. ಅಂಥ ಕಡೆ ಎದ್ದು ಬರುವುದಕ್ಕೂ ನಿಮಗೆ ಪೂರ್ತಿ ಹಕ್ಕಿದೆ.

"ಯಾವ ಬಟ್ಟೆ ಹಾಕ್ಕೊಂಡು ಬರ್ಬೇಕು?"

ನೆಲದ ಮೇಲೆ ಎರಡು ತಾಸು ಕೂರಲು ಆರಾಮವಾಗುವಂಥದ್ದು. ಬೇಸಿಗೆಯಾದರೆ ಹತ್ತಿ ಬಟ್ಟೆ; ಜನವರಿಯಲ್ಲಿ ಚಿತ್ರದುರ್ಗದ ಬಯಲಿನಲ್ಲಾದರೆ ಒಂದು ಶಾಲು, ಗುಡ್ಡದ ಕಡೆಯಿಂದ ಗಾಳಿ ಬೀಸುತ್ತದೆ. ಹೊಸ ಚಪ್ಪಲಿ ಬೇಡ.

"ಅಮ್ಮನಿಗೆ ಮೊಣಕಾಲು ನೋವು, ಕೆಳಗೆ ಕೂರೋಕೆ ಆಗಲ್ಲ. ಕರ್ಕೊಂಡು ಬರ್ಲಾ?"

ಕುರ್ಚಿ ಇರುತ್ತದೆ, ಆದರೆ ಹಿರಿಯರಿಗೆ ಅಂತ ಕಾದಿಟ್ಟಿರುವುದಿಲ್ಲ. ಬೇಗ ಬಂದು ಸ್ವಯಂಸೇವಕರಿಗೆ ಹೇಳಿ. ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಮೈದಾನವಾದರೆ ದೂರ ಇರುತ್ತದೆ, ದಾರಿಯಲ್ಲಿ ಜನರೇಟರ್ ವೈರು ಬಿದ್ದಿರುತ್ತವೆ. ಸಕ್ಕರೆ ಕಾಯಿಲೆ ಇದ್ದರೆ ಪ್ರಸಾದದ ತನಕ ಕಾಯಿಸಬೇಡಿ, ಚೀಲದಲ್ಲಿ ಎರಡು ಬಿಸ್ಕತ್ತು ಇರಲಿ. ಚಿತ್ರದುರ್ಗದ ತರಾಸು ರಂಗಮಂದಿರದಂಥ ಒಳಾಂಗಣದಲ್ಲಾದರೆ ವಯಸ್ಸಾದವರಿಗೆ ಸುಲಭ. ಬಯಲಿನ ಕಾರ್ಯಕ್ರಮ ಅಂತಾದರೆ ನಾಲ್ಕೈದು ದಿನದ ಪ್ರವಚನಮಾಲೆಯಲ್ಲಿ ನಡುವಿನ ದಿನ ಆರಿಸಿಕೊಳ್ಳಿ. ಮೊದಲ ದಿನ, ಕೊನೆಯ ದಿನ ಜನ ಜಾಸ್ತಿ.

"ಹಳ್ಳಿಯಿಂದ ಬರ್ತೀವಿ. ರಾತ್ರಿ ವಾಪಸ್ ಬಸ್ ಸಿಗುತ್ತಾ?"

ಇದು ನಿಜವಾದ ಕಷ್ಟ, ಹೆಣ್ಣುಮಕ್ಕಳು ಅರ್ಧಕ್ಕೇ ಎದ್ದು ಹೋಗುವುದು ಇದೇ ಕಾರಣಕ್ಕೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ, ಸರಿ. ಆದರೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳದೇ ಓಡಾಟ ಹೆಚ್ಚಿರುವ ರೂಟುಗಳಿವೆ. ಅವುಗಳಿಗೆ ಶಕ್ತಿ ಅನ್ವಯಿಸುವುದಿಲ್ಲ. ದಾವಣಗೆರೆ–ಚಿತ್ರದುರ್ಗದ ನಡುವೆ ಹೆದ್ದಾರಿಯಲ್ಲಿ ರಾತ್ರಿಯೂ ಬಸ್ಸು ಸಿಗುತ್ತದೆ. ಜಗಳೂರು, ಹೊಸದುರ್ಗ, ಚನ್ನಗಿರಿಯ ಒಳಹಳ್ಳಿಗಳಿಗೆ ಸಂಜೆಯ ಕೊನೆ ಬಸ್ಸು ತಪ್ಪಿದರೆ ಮುಗಿಯಿತು. ಒಂದೇ ಊರಿನವರು ಸೇರಿ ಗಾಡಿ ಮಾಡಿಕೊಂಡು ಬರುವುದೇ ವಾಸಿ. ಬೆಳಗಿನ ಪ್ರವಚನ ಇದ್ದರೆ ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿಯುವುದು ಇನ್ನೂ ವಾಸಿ.

"ಪ್ರಸಾದ ಇರುತ್ತಾ?"

ದಾವಣಗೆರೆಯಲ್ಲಿ ಕೇಳುವ ಪ್ರಶ್ನೆಯೇ ಇದು? ಮಠದಲ್ಲಾದರೆ ಗೋಧಿ ಹುಗ್ಗಿ, ಅನ್ನ, ಸಾರು. ಮೈದಾನದಲ್ಲಾದರೆ ಉಪ್ಪಿಟ್ಟು ಅಥವಾ ಪಲಾವ್. ಏನೂ ಇಲ್ಲದಿದ್ದರೆ ಗೇಟಿನಾಚೆ ಮಂಡಕ್ಕಿ–ಮಿರ್ಚಿ ಗಾಡಿ ನಿಂತೇ ಇರುತ್ತದೆ.

"ಇಂಥ ಪ್ರವಚನ ಯಾವಾಗ ಜಾಸ್ತಿ ಇರ್ತಾವೆ?"

ಶ್ರಾವಣ ಮಾಸ ಪೂರ್ತಿ. ಮಠ, ಸಮುದಾಯ ಭವನ, ಬಡಾವಣೆಯ ದೇವಸ್ಥಾನ, ಎಲ್ಲ ಕಡೆ. ದಸರಾ ಹೊತ್ತಿಗೆ ಒಂದು ಸುತ್ತು. ಮಾಘದ ಹುಣ್ಣಿಮೆಗೆ ಸಿರಿಗೆರೆ ಬೃಹನ್ಮಠದ ತರಳಬಾಳು ಹುಣ್ಣಿಮೆ, ವರ್ಷಕ್ಕೊಂದು ಊರಿನಲ್ಲಿ. ಅಲ್ಲಿ ಧರ್ಮದವರ ಜೊತೆ ವಿಜ್ಞಾನಿಗಳು, ಸಾಹಿತಿಗಳು, ರೈತರೂ ವೇದಿಕೆ ಏರುತ್ತಾರೆ. ಜೂನ್ 21ರ ಯೋಗ ದಿನದ ಆಸುಪಾಸು ಧ್ಯಾನ ಶಿಬಿರಗಳು. ವಿಶ್ವಸಂಸ್ಥೆ 2024ರಲ್ಲಿ ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನ ಅಂತ ಘೋಷಿಸಿದ ಮೇಲೆ ಆ ವಾರಕ್ಕೂ ಬ್ಯಾನರು ಬೀಳತೊಡಗಿವೆ.

## ಅಲ್ಲಿ ಕೂತಾಗ

"ಯೂಟ್ಯೂಬಲ್ಲೇ ಸಿಗುತ್ತಲ್ಲ, ಅಲ್ಲೀವರೆಗೂ ಯಾಕೆ ಬರ್ಬೇಕು?"

ಮಾತಷ್ಟೇ ಬೇಕಾಗಿದ್ದರೆ ಬರಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿ ಕೇಳುವುದರಲ್ಲಿ ಹೊಸದು ಕಡಿಮೆ. ಕೋಪ ಕಡಿಮೆ ಮಾಡು, ಹೋಲಿಕೆ ಬಿಡು, ಇದ್ದುದರಲ್ಲಿ ತೃಪ್ತಿ ಪಡು. ಇಷ್ಟನ್ನೇ ನಮ್ಮಜ್ಜಿಯೂ ಹೇಳುತ್ತಿದ್ದಳು, ಶಾಲು ಹೊದಿಸಿಕೊಳ್ಳದೆ.

ಆದರೆ ಮನೆಯಲ್ಲಿ ಫೋನಿನಲ್ಲಿ ಕೇಳುವಾಗ ಬೇಸರವಾದ ಕ್ಷಣಕ್ಕೆ ಬೆರಳು ಮುಂದಿನದಕ್ಕೆ ಹೋಗುತ್ತದೆ. ಇಲ್ಲಿ ಬೇಸರವಾದರೂ ಕೂತಿರಬೇಕು. ಪಕ್ಕದಲ್ಲಿ ಹಮಾಲಿ ಮುಗಿಸಿ ಬಂದವರೊಬ್ಬರು, ಈ ಕಡೆ ಬ್ಯಾಂಕಿನವರು, ಹಿಂದೆ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಅಜ್ಜಿ. ಸಾವಿರ ಜನ ಒಟ್ಟಿಗೆ ಸುಮ್ಮನಾದಾಗ ಜನರೇಟರಿನ ಗುಂಯ್‌ಗುಡುವಿಕೆಯೂ, ಮಂಟಪದ ಬಟ್ಟೆ ಗಾಳಿಗೆ ಬಡಿಯುವುದೂ, ದೂರದಲ್ಲಿ ಗೂಡ್ಸ್ ರೈಲು ಹೋಗುವುದೂ ಕಿವಿಗೆ ಬೀಳುತ್ತದೆ. ಆ ಸುಮ್ಮನಿರುವಿಕೆ ಒಬ್ಬರೇ ಕೂತರೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ನಾನು ಜನರಿಗೆ ಬನ್ನಿ ಅನ್ನುವುದು ಇದಕ್ಕೇ, ಉಪದೇಶಕ್ಕಲ್ಲ.

"ವಿಡಿಯೊ ಮಾಡ್ಕೊಬಹುದಾ? ಆಮೇಲೆ ಮನೇಲಿ ಕೇಳೋಣ ಅಂತ."

ಸಂಘಟಕರು ಮಾಡುತ್ತಲೇ ಇರುತ್ತಾರೆ, ನಿಮಗಿಂತ ಚೆನ್ನಾಗಿ. ನೀವು ಕೈ ಎತ್ತಿ ಹಿಡಿದ ಫೋನು ಹಿಂದಿನವರ ಮುಖಕ್ಕೆ ಅಡ್ಡ. ಒಂದು ಚೀಟಿ, ಪೆನ್ನು ತನ್ನಿ. ಮನಸ್ಸಿಗೆ ತಟ್ಟಿದ ಒಂದೇ ಒಂದು ಸಾಲು ಬರೆದುಕೊಳ್ಳಿ. ಹತ್ತು ಸಾಲು ಬರೆದುಕೊಂಡವರು ಒಂದನ್ನೂ ಮಾಡುವುದಿಲ್ಲ.

"ಕಣ್ಣು ಮುಚ್ಚಿ ಅಂತಾರೆ. ಮುಚ್ಚಿದ ಕೂಡ್ಲೇ ನಿದ್ದೆ ಬರುತ್ತೆ, ಇಲ್ಲಾ ಅಂದ್ರೆ ನಾಳೆ ಚೆಕ್ ಪಾಸಾಗುತ್ತೋ ಇಲ್ವೋ ಅನ್ನೋದು ಬರುತ್ತೆ."

ಎರಡೂ ಸಹಜ. ನಿದ್ದೆ ಬಂದರೆ ನಿಮಗೆ ನಿದ್ದೆ ಬಾಕಿ ಇದೆ ಅಂತ ಅರ್ಥ; ಅದಕ್ಕೆ ನಾಚಿಕೆ ಬೇಡ, ಗೊರಕೆ ಬಂದರೆ ಮಾತ್ರ ಪಕ್ಕದವರು ಮೊಣಕೈಯಿಂದ ತಿವಿಯುತ್ತಾರೆ. ಚೆಕ್ ನೆನಪಾದರೆ ಅದನ್ನು ಓಡಿಸಲು ಹೋಗಬೇಡಿ. ಬಂತು ಅಂತ ಗೊತ್ತಾಯಿತಲ್ಲ, ಆ ಗೊತ್ತಾಗುವುದೇ ಅಭ್ಯಾಸ. ಗೊತ್ತಾದ ಕೂಡಲೇ ಉಸಿರಿನ ಕಡೆ ವಾಪಸ್. ಮತ್ತೆ ಹೋಗುತ್ತದೆ, ಮತ್ತೆ ವಾಪಸ್. ಐದು ನಿಮಿಷದಲ್ಲಿ ಇಷ್ಟೇ ಆಗುವುದು, ಎಲ್ಲರಿಗೂ.

ಉಸಿರು ಯಾಕೆ ಅಂದರೆ ಅದರಲ್ಲಿ ಮಂತ್ರವಿಲ್ಲ, ದೇಹದ ಕೆಲಸವಿದೆ. ಉಸಿರು ಬಿಡುವ ಹೊತ್ತನ್ನು ಎಳೆದುಕೊಳ್ಳುವ ಹೊತ್ತಿಗಿಂತ ಉದ್ದ ಮಾಡಿದರೆ ಮಿದುಳಿನಿಂದ ಹೃದಯಕ್ಕೆ, ಹೊಟ್ಟೆಗೆ ಹೋಗುವ ವೇಗಸ್ ನರದ ಮೂಲಕ ಹೃದಯಬಡಿತ ಇಳಿಯುತ್ತದೆ, ಮೈ ಸಡಿಲವಾಗುತ್ತದೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಬಸ್ಸಿನಲ್ಲಿ ಕೂತೂ ಮಾಡಬಹುದು, ಸಾಲಗಾರ ಬಾಗಿಲಲ್ಲಿ ನಿಂತಾಗಲೂ.

"ಧ್ಯಾನ ಮಾಡ್ಸುವಾಗ ನನಗೆ ಅಳು ಬಂದುಬಿಡ್ತು. ತೀರಿಹೋದವರ ನೆನಪಾಗಿ ಎದೆ ಹಿಡಿದಂಗಾಯ್ತು. ಇದು ಒಳ್ಳೇದಾ, ಕೆಟ್ಟದ್ದಾ?"

ಅಳು ಬಂದರೆ ಅಳಿ. ಆ ಸಭೆಗಳಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರು ಎಷ್ಟು ಜನ ಅಂತ ವೇದಿಕೆಯ ಪಕ್ಕದಲ್ಲಿ ನಿಂತವರಿಗೆ ಗೊತ್ತು. ದಿನವಿಡೀ ಕೆಲಸದಲ್ಲಿ ಮುಚ್ಚಿಹೋಗಿರುವುದು ಸುಮ್ಮನಾದಾಗ ಮೇಲೆ ಬರುತ್ತದೆ. ಆದರೆ ಉಸಿರು ಕಟ್ಟಿದ ಹಾಗೆ, ಭಯ ನುಗ್ಗಿದ ಹಾಗೆ ಆದರೆ ಕಣ್ಣು ತೆರೆಯಿರಿ. ಪಾದವನ್ನು ನೆಲಕ್ಕೆ ಒತ್ತಿ, ಎದುರಿಗೆ ಕಾಣುವ ವಸ್ತುಗಳನ್ನು ಒಂದೊಂದಾಗಿ ನೋಡಿ, ಬೇಕಾದರೆ ಎದ್ದು ನೀರು ಕುಡಿದು ಬನ್ನಿ. "ತಡೆದುಕೊಂಡು ಮುಂದುವರಿಸಿ, ಕರ್ಮ ಕಳೆಯುತ್ತಿದೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ದೊಡ್ಡ ಆಘಾತ ಕಂಡವರಿಗೆ ಕಣ್ಣು ಮುಚ್ಚಿ ದೀರ್ಘ ಹೊತ್ತು ಕೂರುವುದು ಒಗ್ಗದೇ ಇರಬಹುದು. ನಡೆಯುತ್ತಾ, ಕೆಲಸ ಮಾಡುತ್ತಾ ಗಮನ ಕೊಡುವ ಅಭ್ಯಾಸ ಅವರಿಗೆ ಹೊಂದುತ್ತದೆ.

"ಪ್ರಶ್ನೋತ್ತರ ಇರುತ್ತಂತೆ. ಏನು ಕೇಳಬೇಕು, ಹೆಂಗೆ ಕೇಳಬೇಕು?"

ಮೈಕ್ ಹಿಡಿದು ಓಡಾಡಿದವನ ಅನುಭವದಿಂದ ಹೇಳುತ್ತೇನೆ: ಮುಕ್ಕಾಲು ಪಾಲು ಜನ ಪ್ರಶ್ನೆ ಕೇಳುವುದಿಲ್ಲ, ಪ್ರವಚನ ಮಾಡುತ್ತಾರೆ. ತಮ್ಮ ಓದು, ತಮ್ಮ ಗುರು, ಎರಡು ಶ್ಲೋಕ, ಆಮೇಲೆ "ಇದರ ಬಗ್ಗೆ ತಮ್ಮ ಅಭಿಪ್ರಾಯ?" ಅಷ್ಟೊತ್ತಿಗೆ ಸಭೆ ಅರ್ಧ ಎದ್ದಿರುತ್ತದೆ.

ಎರಡು ವಾಕ್ಯದಲ್ಲಿ ಕೇಳಿ. ನಿಮ್ಮದೇ ಬದುಕಿನಿಂದ ಕೇಳಿ, ಆದರೆ ಮನೆಯ ಗುಟ್ಟು ಬೇಡ. ಊರು ಸಣ್ಣದು, ಸೊಸೆಯ ಅಣ್ಣ ಹಿಂದಿನ ಸಾಲಿನಲ್ಲಿರುತ್ತಾನೆ. "ಮನಸ್ಸನ್ನು ಹೇಗೆ ಗೆಲ್ಲುವುದು?" ಅಂತ ಕೇಳಿದರೆ ಮತ್ತೊಂದು ಭಾಷಣ ಸಿಗುತ್ತದೆ. "ಅಂಗಡಿ ಮುಚ್ಚಿ ಮನೆಗೆ ಬಂದ ಮೊದಲ ಅರ್ಧ ಗಂಟೆ ಮಕ್ಕಳ ಮೇಲೆ ಕೂಗಾಡುತ್ತೇನೆ, ಆ ಅರ್ಧ ಗಂಟೆ ಏನು ಮಾಡಲಿ?" ಅಂತ ಕೇಳಿದರೆ, ಹೇಳುವವರು ನಿಜಕ್ಕೂ ತಿಳಿದವರಾದರೆ, ಉತ್ತರ ಸಿಗುತ್ತದೆ. ಸಿಗದಿದ್ದರೆ ಅದೂ ಒಂದು ತಿಳುವಳಿಕೆ. ಚೀಟಿ ಬರೆದು ಕಳಿಸುವ ವ್ಯವಸ್ಥೆ ಇದ್ದರೆ ಹೆಣ್ಣುಮಕ್ಕಳು ಅದನ್ನೇ ಬಳಸುತ್ತಾರೆ. ನಾನು ಕಂಡಂತೆ ಒಳ್ಳೆಯ ಪ್ರಶ್ನೆಗಳೆಲ್ಲ ಹೆಚ್ಚಾಗಿ ಚೀಟಿಯಲ್ಲೇ ಬಂದಿವೆ.

"ಕೊನೆಗೆ ಹೋಗಿ ಪಾದ ಮುಟ್ಟಲೇಬೇಕಾ? ಎಲ್ರೂ ಓಡ್ತಾರೆ."

ಮುಟ್ಟಲೇಬೇಕು ಅಂತಿಲ್ಲ, ಓಡಲೇಬಾರದು. 2024ರ ಜುಲೈ 2ರಂದು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ಸತ್ಸಂಗ ಮುಗಿದು ಬೋಧಕರು ಹೊರಡುವ ಹೊತ್ತಿನಲ್ಲಾದ ನೂಕುನುಗ್ಗಲಿನಲ್ಲಿ 121 ಜನ ಸತ್ತರು, ಹೆಚ್ಚಿನವರು ಹೆಂಗಸರು. ಪಾದದ ಧೂಳಿಗಾಗಿ ಜನ ಮುಗಿಬಿದ್ದರು ಅಂತ ಆಗ ವರದಿಯಾಯಿತು. ನಮ್ಮಲ್ಲಿ ಅಷ್ಟು ಜನ ಸೇರದಿರಬಹುದು. ಆದರೆ ಹೈಸ್ಕೂಲ್ ಮೈದಾನದ ಗೇಟು ಅಗಲವಾಗಿಲ್ಲ, ಚಪ್ಪಲಿ ಸ್ಟ್ಯಾಂಡು ಅದರ ಪಕ್ಕದಲ್ಲೇ ಇರುತ್ತದೆ, ಟೋಕನ್ ಕಳೆದುಕೊಂಡವರು ಅಲ್ಲೇ ಬಗ್ಗಿ ಹುಡುಕುತ್ತಿರುತ್ತಾರೆ. ಮಂಗಳ ಆದ ಮೇಲೆ ಹತ್ತು ನಿಮಿಷ ಕೂತಲ್ಲೇ ಕೂತಿರಿ. ಮಕ್ಕಳ ಕೈ ಬಿಡಬೇಡಿ. ಒಳಗೆ ಬರುವಾಗಲೇ ಎರಡನೇ ದಾರಿ ಎಲ್ಲಿದೆ ನೋಡಿಟ್ಟುಕೊಳ್ಳಿ.

## ದುಡ್ಡು ಮತ್ತು ನಂಬಿಕೆ

"ಹುಂಡಿ ಹಿಡ್ಕೊಂಡು ಬರ್ತಾರೆ. ಎಷ್ಟು ಹಾಕ್ಬೇಕು?"

ಹಾಕದೇ ಇದ್ದರೂ ನಡೆಯುತ್ತದೆ. ಕೇಳಿದ್ದಕ್ಕೆ ಕೂಲಿ ಕೊಡಬೇಕು ಅನ್ನುವ ಮುಜುಗರ ಬೇಡ. ಕೊಡುವ ಮನಸ್ಸಿದ್ದರೆ ದಾಸೋಹಕ್ಕೆ ಕೊಡಿ, ರಸೀದಿ ಕೇಳಿ. ತೆರಿಗೆ ವಿನಾಯಿತಿಗಾಗಿ ಕೊಡುವವರು ಗಮನಿಸಬೇಕಾದ್ದು: ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ (ಜನ 80ಜಿ ಅನ್ನುವುದು) ಇರಬೇಕು, 2000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದು ಸಿಗುವುದೇ ಇಲ್ಲ.

"ಪ್ರವಚನ ಫ್ರೀ ಅಂದ್ರು, ಕೊನೆಗೆ ಕೋರ್ಸಿಗೆ ಫಾರ್ಮ್ ಕೊಟ್ರು. ಸೇರ್ಲಾ?"

ಅಲ್ಲೇ, ಆ ಹೊತ್ತಿನಲ್ಲೇ ತುಂಬಬೇಡಿ. ಧ್ಯಾನದಿಂದ ಎದ್ದವರ ಮನಸ್ಸು ಮೆತ್ತಗಿರುತ್ತದೆ, ಫಾರ್ಮ್ ಕೊಡುವವರಿಗೂ ಅದು ಗೊತ್ತು. ಮನೆಗೆ ಒಯ್ದು ಮೂರು ದಿನ ಬಿಟ್ಟು ನೋಡಿ. ದುಡ್ಡು ತೆಗೆದುಕೊಳ್ಳುವುದೇ ಮೋಸ ಅಂತ ನಾನು ಹೇಳುವುದಿಲ್ಲ. ಹಾಲ್ ಬಾಡಿಗೆ, ಊಟ, ಕಲಿಸುವವರ ಖರ್ಚು ಇರುತ್ತವೆ. ಆದರೆ ದುಡ್ಡಿಲ್ಲದೆಯೂ ಕಲಿಯಬಹುದು ಅನ್ನುವುದು ಗೊತ್ತಿರಲಿ. ಬ್ರಹ್ಮಕುಮಾರಿಯರ ಏಳು ದಿನದ ಪರಿಚಯ ಪಾಠಕ್ಕೆ ಶುಲ್ಕವಿಲ್ಲ. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಊಟ–ವಸತಿ ಸೇರಿ ಶುಲ್ಕವಿಲ್ಲ. ಮೊದಲು ಶಿಬಿರ ಮುಗಿಸಿದವರ ದೇಣಿಗೆಯಿಂದ ನಡೆಯುತ್ತದೆ. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಅದಕ್ಕೆ ತಯಾರಿರಬೇಕು.

"ಯಾರನ್ನ ನಂಬೋದು? ಪೇಪರಲ್ಲಿ ಏನೇನೋ ಬರುತ್ತಲ್ಲ."

ಮಾತನ್ನು ನಂಬಿ, ಆಮೇಲೆ ಪರೀಕ್ಷಿಸಿ. ಮನುಷ್ಯರನ್ನು ಪೂಜಿಸುವ ಆತುರ ಬೇಡ. ಕಾವಿ, ಬಿಳಿ, ಸೂಟು ಯಾವುದೂ ಸರ್ಟಿಫಿಕೇಟ್ ಅಲ್ಲ. ಗಮನಿಸಬೇಕಾದ್ದು ಮಾತಾಡುವವರನ್ನಷ್ಟೇ ಅಲ್ಲ, ಅವರ ಸುತ್ತಲಿನವರನ್ನು. ಸ್ವಯಂಸೇವಕರ ಮೇಲೆ, ಅಡಿಗೆಯವರ ಮೇಲೆ ಕೂಗಾಡುತ್ತಾರಾ? ಲೆಕ್ಕ ಕೇಳಿದರೆ ಸಿಡುಕುತ್ತಾರಾ? ಪ್ರಶ್ನೆ ಕೇಳಿದವರನ್ನು ಅಹಂಕಾರಿ ಅನ್ನುತ್ತಾರಾ? ಹೆಣ್ಣುಮಕ್ಕಳನ್ನು, ಮಕ್ಕಳನ್ನು ಒಬ್ಬೊಬ್ಬರನ್ನೇ ಏಕಾಂತಕ್ಕೆ ಕರೆಯುತ್ತಾರಾ? ಆಸ್ತಿ ಬರೆಸಿಕೊಳ್ಳುವ, ಮನೆಯವರ ಸಂಪರ್ಕ ಬಿಡಿಸುವ, ಮಾತ್ರೆ ನಿಲ್ಲಿಸಿ ಅನ್ನುವ ಕಡೆಯಿಂದ ಆ ಕ್ಷಣವೇ ಹೊರಡಿ. ದೆವ್ವ ಬಿಡಿಸುತ್ತೇನೆ ಅಂತ ಹೊಡೆಯುವುದು, ಬೆಂಕಿಯಲ್ಲಿ ನಡೆಸುವುದು ಮೊದಲಾದವಕ್ಕೆ 2017ರ ಕರ್ನಾಟಕದ ಮೌಢ್ಯಾಚರಣೆ ತಡೆ ಕಾಯ್ದೆ ಇದೆ. ಪೊಲೀಸರಿಗೆ ದೂರು ಕೊಡಬಹುದು.

ಒಬ್ಬ ಬೋಧಕರ ನಡತೆ ಕೆಟ್ಟದ್ದು ಅಂತ ಗೊತ್ತಾದರೆ, ಅವರ ಬಾಯಿಂದ ಕೇಳಿದ ಬಸವಣ್ಣನವರ ಮಾತು ಸುಳ್ಳಾಗುವುದಿಲ್ಲ. ಹಾಗಂತ ಆ ಮಾತಿನ ಹೆಸರಲ್ಲಿ ಅವರ ನಡತೆಗೆ ರಿಯಾಯಿತಿ ಕೊಡುವುದೂ ತಪ್ಪು.

## ಮನೆಗೆ ಬಂದ ಮೇಲೆ

"ಅಲ್ಲಿ ಕೂತಾಗ ಎಷ್ಟು ಹಗುರ ಅನ್ಸುತ್ತೆ! ಮನೆ ಬಾಗಿಲು ದಾಟೋಷ್ಟರಲ್ಲಿ ಎಲ್ಲಾ ಹೋಗಿರುತ್ತೆ. ನನ್ನಲ್ಲೇ ಏನೋ ದೋಷ ಇದೆಯಾ?"

ಮನೆ ಬಾಗಿಲೇಕೆ, ಚಪ್ಪಲಿ ಸಿಗದಿದ್ದಾಗಲೇ ಅರ್ಧ ಹೋಗಿರುತ್ತದೆ. ದೋಷವೇನೂ ಇಲ್ಲ. ಅಲ್ಲಿ ನಿಮಗೆ ಹಗುರ ಅನಿಸಿದ್ದಕ್ಕೆ ಕಾರಣಗಳಿದ್ದವು: ಎರಡು ತಾಸು ಫೋನ್ ಮುಟ್ಟಲಿಲ್ಲ, ಯಾರೂ ನಿಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ, ಉಸಿರು ನಿಧಾನವಾಗಿತ್ತು, ಹಾಡು ಕೇಳಿದಿರಿ, ಜನರ ನಡುವೆ ಇದ್ದಿರಿ. ಮನೆಯಲ್ಲಿ ಇವು ಯಾವುವೂ ಇಲ್ಲ. ಕಾರಣ ಹೋದ ಮೇಲೆ ಅದರ ಫಲವೂ ಹೋಗುತ್ತದೆ. ಹಾಗಾಗಿ ಆ ಭಾವವನ್ನು ಹಿಡಿದಿಟ್ಟುಕೊಳ್ಳಲು ಹೆಣಗಬೇಡಿ, ಕಾರಣಗಳಲ್ಲಿ ಒಂದನ್ನು ಮನೆಗೆ ತನ್ನಿ. ರಾತ್ರಿ ಊಟದ ಹೊತ್ತಿಗೆ ಮನೆಮಂದಿಯ ಫೋನೆಲ್ಲ ಟಿವಿ ಮೇಲಿಡುವುದು. ಅಥವಾ ಬೆಳಗ್ಗೆ ಹಾಲಿನವನು ಬರುವ ಮುಂಚೆ ಹತ್ತು ನಿಮಿಷ ಮೆಟ್ಟಿಲ ಮೇಲೆ ಸುಮ್ಮನೆ ಕೂರುವುದು. ನನಗೆ ತಿಳಿದ ಒಬ್ಬ ಹೋಟೆಲಿನವರು ಹೆಂಚು ಕಾಯುವ ತನಕದ ಹೊತ್ತನ್ನು ಇದಕ್ಕೆ ಇಟ್ಟುಕೊಂಡಿದ್ದಾರೆ. ಹುಡುಗರಿಗೆ ಆಗ ಅವರನ್ನು ಮಾತಾಡಿಸಬಾರದು ಅಂತ ಗೊತ್ತು. ಮೊದಲ ದೋಸೆ ಹುಯ್ದ ಮೇಲೆ ಎಂದಿನ ಹಾಗೆ ಬೈಗುಳ ಶುರುವಾಗುತ್ತದೆ, ಅದು ಬೇರೆ ಮಾತು.

"ಡಿಪ್ರೆಶನ್‌ಗೆ ಮಾತ್ರೆ ತಗೊಳ್ತಿದೀನಿ. ಧ್ಯಾನ ಶುರು ಮಾಡಿದ್ರೆ ನಿಲ್ಲಿಸಬಹುದಾ?"

ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಖಿನ್ನತೆಯ ಮಾತ್ರೆಯನ್ನು ಒಮ್ಮೆಗೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ ಶುರುವಾಗಬಹುದು, ಕಾಯಿಲೆ ಮರುಕಳಿಸಬಹುದು. ಮಾತ್ರೆಯ ಜೊತೆಗೇ ಧ್ಯಾನ ಮಾಡಬಹುದೇ ಅಂತ ಅವರನ್ನೇ ಕೇಳಿ. ವಾರಗಟ್ಟಲೆ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ–ಹಸಿವು ಕೆಟ್ಟಿದೆ, ಬದುಕು ಸಾಕು ಅನಿಸುತ್ತಿದೆ ಅಂತಾದರೆ ಪ್ರವಚನಕ್ಕೆ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದಾವಣಗೆರೆಯವರು ಚಿಗಟೇರಿ ಜಿಲ್ಲಾಸ್ಪತ್ರೆಗೆ, ದುರ್ಗದವರು ಅಲ್ಲಿನ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಬಹುದು. ಮನಸ್ಸಿನ ಡಾಕ್ಟರ ಹತ್ತಿರ ಹೋದವರನ್ನು ಹುಚ್ಚರು ಅನ್ನುವ ಕಾಲ ಮುಗಿದಿದೆ. ಮುಗಿಯದಿದ್ದ ಮನೆಯಲ್ಲಿ ಹೇಳದೆ ಹೋಗಿ.

"ಆಸೆನೇ ದುಃಖಕ್ಕೆ ಮೂಲ ಅಂತಾರೆ. ನಂಗೆ ಬ್ಯಾಂಕ್ ಸಾಲ ಇದೆ, ಮೆಕ್ಕೆಜೋಳಕ್ಕೆ ರೇಟಿಲ್ಲ. ಆಸೆ ಬಿಟ್ರೆ ಸಾಲ ತೀರುತ್ತಾ?"

ತೀರುವುದಿಲ್ಲ. ಈ ಪ್ರಶ್ನೆ ಬಂದಾಗ ಸಭೆ ನಕ್ಕಿತು, ನನಗೆ ನಗು ಬರಲಿಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನ ರೈತನಿಗೂ, ಈರುಳ್ಳಿ ಬೆಲೆ ಬಿದ್ದ ವಾರ ಚಳ್ಳಕೆರೆಯವರಿಗೂ ಹೊಟ್ಟೆತುಂಬಿದವರು ತೃಪ್ತಿಯ ಪಾಠ ಹೇಳಿದರೆ ಅದು ಕ್ರೂರವಾಗುತ್ತದೆ. ಸಾಲದ ಕಷ್ಟಕ್ಕೆ ಬ್ಯಾಂಕಿನಲ್ಲಿ ಮರುಹೊಂದಾಣಿಕೆ, ಬೆಳೆ ವಿಮೆ, ಖರೀದಿ ಕೇಂದ್ರ. ಅಲ್ಲಿ ಓಡಾಡಬೇಕು, ಸಂಘಟಿತರಾಗಿ ಕೇಳಬೇಕು.

ಪ್ರವಚನದಿಂದ ಆಗಬಹುದಾದ್ದು ಇಷ್ಟು: ಸಾಲದ ಜೊತೆಗೆ ನಾವೇ ಸೇರಿಸಿಕೊಳ್ಳುವ ಭಾರ ಕೆಲವಿವೆ. ಪಕ್ಕದ ತೋಟದವನ ಅಡಿಕೆಯ ದುಡ್ಡು ಎಣಿಸುವುದು, ಸಾಲ ಮಾಡಿ ಮದುವೆಗೆ ಇನ್ನೊಂದು ಸಾವಿರ ಎಲೆ ಹಾಕಿಸುವುದು, ರಾತ್ರಿಯಿಡೀ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿ ಬೆಳಗ್ಗೆ ಬ್ಯಾಂಕಿಗೆ ಹೋಗುವಷ್ಟು ತ್ರಾಣವೂ ಇಲ್ಲದಂತಾಗುವುದು. ಆ ಭಾರ ಇಳಿಸುವ ಮಾತು ಸಿಕ್ಕರೆ ತೆಗೆದುಕೊಳ್ಳಿ.

"ನಾನು ಹೋಗ್ತೀನಿ ಅಂದ್ರೆ ಮನೆಯವರು ಗೇಲಿ ಮಾಡ್ತಾರೆ."

ಮಾಡಲಿ. ಬಂದ ಮೇಲೆ ಅವರಿಗೆ ಉಪದೇಶ ಮಾಡಬೇಡಿ, ಗೇಲಿ ತಾನಾಗಿ ನಿಲ್ಲುತ್ತದೆ.

## ಇನ್ನೂ ಮುಂದಕ್ಕೆ ಕೇಳುವವರಿಗೆ

"ಒಬ್ಬರು ಮನಸ್ಸನ್ನ ನಿಲ್ಲಿಸು ಅಂತಾರೆ, ಇನ್ನೊಬ್ಬರು ಸುಮ್ನೆ ನೋಡು ಅಂತಾರೆ, ಮತ್ತೊಬ್ಬರು ಕೆಲಸಾನೇ ಧ್ಯಾನ ಅಂತಾರೆ. ಯಾವುದು ಸರಿ?"

"ಎಲ್ಲಾ ಒಂದೇ" ಅಂತ ವೇದಿಕೆಯ ಮೇಲೆ ಹೇಳುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದರೆ ಎಲ್ಲಾ ಒಂದೇ ಅಲ್ಲ. ಪತಂಜಲಿಗೆ ಯೋಗವೆಂದರೆ ಚಿತ್ತದ ಅಲೆಗಳು ನಿಲ್ಲುವುದು. ಬೌದ್ಧರ ವಿಪಶ್ಯನದಲ್ಲಿ ಅಲೆ ಏಳುವುದನ್ನೂ ಅಳಿಯುವುದನ್ನೂ ಕಾಣುವುದೇ ಕೆಲಸ. ಒಳಗೆ ಶಾಶ್ವತವಾದ "ನಾನು" ಇಲ್ಲವೆಂದೇ ಅವರ ನಿಲುವು. ಅದ್ವೈತದವರು ತಿರುಗಾಮುರುಗಾ: ನೀನೇ ಆನಂದ, ಮರೆತಿದ್ದೀಯ ಅಷ್ಟೆ. ಶರಣರಿಗೆ ಕಾಯಕ, ದಾಸೋಹ ಬಿಟ್ಟ ಶಾಂತಿ ಶಾಂತಿಯೇ ಅಲ್ಲ. ಗೀತೆಯ ಎರಡನೇ ಅಧ್ಯಾಯ ಶಾಂತಿಯಿಲ್ಲದವನಿಗೆ ಸುಖ ಎಲ್ಲಿಂದ ಅಂತ ಕೇಳುತ್ತದೆ. ಅಂದರೆ ಸುಖ ಬಂದ ಮೇಲೆ ಶಾಂತಿ ಅನ್ನುವ ನಮ್ಮ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ.

ಈ ವ್ಯತ್ಯಾಸಗಳನ್ನು ಕಲಸಿ ಮುದ್ದೆ ಮಾಡಿದರೆ ಯಾವುದರ ರುಚಿಯೂ ಉಳಿಯುವುದಿಲ್ಲ. ಒಂದನ್ನು ಹಿಡಿದು ಆರು ತಿಂಗಳು ಮಾಡಿ ನೋಡಿ, ಆಮೇಲೆ ಇನ್ನೊಂದರ ಮಾತು. ಪ್ರತಿ ಪ್ರವಚನಕ್ಕೂ ದಾರಿ ಬದಲಿಸುವವರು ನಮ್ಮ ಸಭೆಗಳ ಖಾಯಂ ಗಿರಾಕಿಗಳು. ಅವರಿಗೆ ಎಲ್ಲರ ಮಾತೂ ಬಾಯಿಪಾಠ.

"ಹೊರಗೆ ಇಷ್ಟು ಅನ್ಯಾಯ ಇರುವಾಗ ಒಳಗಿನ ಶಾಂತಿ ಅಂತ ಕೂರೋದು ಸ್ವಾರ್ಥ ಅಲ್ವಾ?"

ಕೂತೇ ಇದ್ದರೆ ಸ್ವಾರ್ಥವೇ. ಆದರೆ ಈ ಭಾಗದ ಮಠಗಳ ಚರಿತ್ರೆ ನೋಡಿದರೆ ಒಳಗು–ಹೊರಗು ಅಂತ ಗೆರೆ ಎಳೆಯುವುದು ಕಷ್ಟ. ಭರಮಸಾಗರ, ಜಗಳೂರು ಕಡೆಯ ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಏತ ನೀರಾವರಿ ಯೋಜನೆಗಳ ಹಿಂದೆ ಸಿರಿಗೆರೆ ಮಠದ ಒತ್ತಾಸೆ ಇತ್ತು. ಅಲ್ಲಿನ ಸದ್ಧರ್ಮ ನ್ಯಾಯಪೀಠದಲ್ಲಿ ಹೊಲದ ಬದುವಿನ ಜಗಳದಿಂದ ಹಿಡಿದು ಗಂಡ–ಹೆಂಡಿರ ಜಗಳದವರೆಗೆ ವಿಚಾರಣೆ ಆಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಮಠ ಶಿವಸಂಚಾರ ಅನ್ನುವ ತನ್ನ ತಿರುಗಾಟದ ತಂಡದ ಮೂಲಕ ನಾಟಕವನ್ನು ಊರೂರಿಗೆ ಒಯ್ದಿದೆ. ಬದುವಿನ ಜಗಳದಲ್ಲಿ ಕೋರ್ಟು ಅಲೆದ ರೈತನಿಗೆ ರಾಜಿಯೇ ಮನಶ್ಶಾಂತಿ, ಕೆರೆ ತುಂಬಿದ ಊರಿನ ಹೆಂಗಸಿಗೆ ಕೊಡ ಹೊತ್ತು ಅಲೆಯದಿರುವುದೇ ಮನಶ್ಶಾಂತಿ. ಪ್ರವಚನ ಕೇಳುವಾಗ ವೇದಿಕೆಯ ಮೇಲಿನವರ ಮಾತು ಹೊರಗಿನ ಬದುಕಿಗೆ ಎಲ್ಲಿ ತಾಗುತ್ತದೆ ಅಂತ ನೋಡುತ್ತಿರಿ. ಎಲ್ಲಿಯೂ ತಾಗದಿದ್ದರೆ ನಿಮ್ಮ ಅನುಮಾನ ನ್ಯಾಯವೇ.

"ನಾನು ದೇವರನ್ನ ನಂಬಲ್ಲ. ನನಗೆ ಅಲ್ಲೇನು ಕೆಲಸ?"

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಕ್ರಿಸ್ತಪೂರ್ವ ಮೂರನೇ ಶತಮಾನದ್ದು, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವನ್ನು ಗೌರವಿಸಿ ಅಂತ ಅದರ ಉಪದೇಶ. ನಮ್ಮ ಜಿಲ್ಲೆಗೆ ಬಂದ ಅತಿ ಹಳೆಯ ಸಾರ್ವಜನಿಕ ಪ್ರವಚನ ಅದೇ ಅನ್ನಬಹುದು. ಆ ಸಾಲುಗಳನ್ನು ಒಪ್ಪಲು ಯಾವ ದೇವರನ್ನೂ ನಂಬಬೇಕಿಲ್ಲ. ಸಭೆಗಳಲ್ಲೂ ಹಾಗೆಯೇ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಪುನರ್ಜನ್ಮದ ಕಥೆ ಬಂದಾಗ ನೀರು ಕುಡಿಯಲು ಎದ್ದು ಹೋಗಿ.

"ನಮ್ಮ ಬಡಾವಣೇಲೂ ಇಂಥದ್ದೊಂದು ಇಟ್ಕೋಬೇಕು ಅಂತಿದೀವಿ. ಏನೇನು ನೋಡ್ಕೋಬೇಕು?"

ಮೊದಲು ಪೊಲೀಸ್ ಠಾಣೆಯಿಂದ ಧ್ವನಿವರ್ಧಕದ ಅನುಮತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಬಳಸುವಂತಿಲ್ಲ, 2000ನೇ ಇಸವಿಯ ನಿಯಮ ಅದು. ವಾಸದ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಮನಶ್ಶಾಂತಿಯ ಕಾರ್ಯಕ್ರಮದ ಸ್ಪೀಕರನ್ನು ಪರೀಕ್ಷೆಗೆ ಓದುವ ಹುಡುಗನ ಕಿಟಕಿಗೆ ತಿರುಗಿಸಿದವರನ್ನೂ ಕಂಡಿದ್ದೇನೆ. ಪರೀಕ್ಷೆಯ ತಿಂಗಳು ಬೇಡ, ಏಪ್ರಿಲ್–ಮೇ ಬಿಸಿಲೂ ಬೇಡ. ಗೇಟು ಎರಡಿರಲಿ, ಚಪ್ಪಲಿ ಸ್ಟ್ಯಾಂಡು ಗೇಟಿನಿಂದ ದೂರ ಇರಲಿ. ಕುಡಿಯುವ ನೀರು ಮಹಿಳೆಯರು ಕೂರುವ ಕಡೆಯೂ ಸಿಗಲಿ. ನಮ್ಮವರು ಅದನ್ನು ಯಾವಾಗಲೂ ವೇದಿಕೆ ಪಕ್ಕ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಜನರೇಟರ್ ಹಿಂದಿನ ಬೀದಿಯಲ್ಲಿ.

ಸನ್ಮಾನ ಇಟ್ಟುಕೊಳ್ಳಲೇಬೇಕು ಅಂತ ಸಮಿತಿಯವರು ಹಟ ಹಿಡಿಯುತ್ತಾರೆ, ದಾನಿಗಳ ಹೆಸರು ಬಿಟ್ಟರೆ ಮುಂದಿನ ವರ್ಷ ದುಡ್ಡು ಬರುವುದಿಲ್ಲ ಅನ್ನುವ ಭಯ. ಹೆಸರುಗಳನ್ನೆಲ್ಲ ಒಂದು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಪ್ರಸಾದದ ಸಾಲಿನ ಎದುರು ನಿಲ್ಲಿಸಿ. ಸಾಲಿನಲ್ಲಿ ನಿಂತವರಿಗೆ ಓದುವುದಕ್ಕೆ ಬೇಕಾದಷ್ಟು ಹೊತ್ತಿರುತ್ತದೆ.